ಕರಜಗಿಯ ಜೋಳದ ಚಿಗುರು

ಕರಜಗಿ
೯ ನವೆಂಬರ್ ೧೯೭೫

ದ್ರೌಪದಿಗೆ ಗುರುಬಾಯಿ ಅತ್ತೆಯ ಆಶೀರ್ವಾದ.

ಈ ಪತ್ರವನ್ನು ನಿನ್ನ ಅಪ್ಪನಿಗೆ ತೋರಿಸಬೇಡ. ನನ್ನ ತಮ್ಮ ಸಾತಲಿಂಗಪ್ಪನಿಗೆ ಪಾತ್ರೆ ಅಂಗಡಿಯ ಗದ್ದಲವೇ ಸಾಕು, ಅಕ್ಕನ ಮನೆಯ ಜಗಳ ಅವನಿಗೆ ಬೇಡ. ನಿನಗೆ ಬರೆಯಲು ಕಾರಣ, ನೀನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಒಂದು ಬಾಟಲಿಯೊಳಗೆ ಇರುವುದೇನು ಎಂದು ನೋಡಿ ಹೇಳಬಲ್ಲವರು ನಮ್ಮ ಕಡೆ ಬೇರೆ ಯಾರಿದ್ದಾರೆ?

ದೀಪಾವಳಿ ಮುಗಿದ ವಾರವೇ ನನ್ನ ಕೆಂದಾಕಳು ಸತ್ತಿತು. ಅದರ ಕಡಸೂ ಸತ್ತಿತು. ನಿನ್ನ ಮಾವ ತೀರಿಕೊಂಡ ಮೇಲೆ ಈ ಮನೆಯಲ್ಲಿ ನನ್ನ ದನಿ ಕೇಳಿ ತಲೆ ಎತ್ತುವ ಜೀವ ಅದೊಂದೇ ಇತ್ತು. ಮಧ್ಯಾಹ್ನ ಚೆನ್ನಾಗಿ ಮೇಯುತ್ತಿದ್ದದ್ದು ಒಮ್ಮೆಲೇ ತಡವರಿಸಿತು, ತಿದಿ ಒತ್ತಿದ ಹಾಗೆ ಉಸಿರು ಎಳೆಯಿತು, ಬಿತ್ತು. ನಾನು ಓಡಿ ಹೋಗಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟರಲ್ಲಿ ಕಣ್ಣು ತಿರುಗಿಸಿತ್ತು. ಹೊಟ್ಟೆ ಕೊಯ್ದು ನೋಡಿದವರು ರಕ್ತ ಕಂಡು ಬೆರಗಾದರು. ಸತ್ತ ದನದ ರಕ್ತ ಕಪ್ಪಾಗಿರಬೇಕು. ಇದು ಕುಂಕುಮ ಕದಡಿದ ಹಾಗೆ ಕೆಂಪಗಿತ್ತು.

ವಿಷ ಹಾಕಿದವನು ನನ್ನ ಮೈದುನ ಕಲ್ಲಣ್ಣ. ಅವನ ಹೊಲ ನನ್ನ ಹೊಲಕ್ಕೆ ಹೊಂದಿಕೊಂಡೇ ಇದೆ. ಈ ಮಳೆಗಾಲ ಊರಿಗೆಲ್ಲ ಮೊದಲು ಅವನೇ ಸರಕಾರದ ಹೈಬ್ರಿಡ್ ಜೋಳ ಬಿತ್ತಿದ. ಹುಳಕ್ಕೆಂದು ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದೇನೋ ವಿಷದ ಪುಡಿ ಹೊಡೆದ. ಪೈರು ನಿಂತಿದ್ದಾಗ ನನ್ನ ಆಕಳು ಒಮ್ಮೆ ಅವನ ಹೊಲ ಹೊಕ್ಕಿತ್ತು. ಆಗ ಅತ್ತಿಗೆ ಎನ್ನುವುದನ್ನೂ ನೋಡದೆ ನಾಲ್ಕು ಜನರ ಎದುರು ಅಂದ: "ವೈನಿ, ಇನ್ನೊಮ್ಮಿ ನಿನ್ನ ದನ ನನ್ನ ಹೊಲದಾಗ ಕಂಡ್ರ ನಾ ಸುಮ್ನ ಬಿಡಾಂವಲ್ಲ ನೋಡು." ಅಂದಂತೆ ಮಾಡಿದ.

ಆಕಳ ಹೊಟ್ಟೆಯಲ್ಲಿದ್ದುದನ್ನು ಉಪ್ಪಿನಕಾಯಿ ಬರಣಿಗೆ ತುಂಬಿ ಬಟ್ಟೆ ಬಿಗಿದಿದ್ದೇನೆ. ಕಂಬಳಿ ಮಾರಲು ಸೊಲ್ಲಾಪುರಕ್ಕೆ ಬರುವ ಅಮೋಗಸಿದ್ಧ ತಂದುಕೊಡುತ್ತಾನೆ. ವಿಷದ ಹೆಸರು ಬರೆದು ಕಾಲೇಜಿನ ಶಿಕ್ಕಾ ಮುದ್ರೆ ಹೊಡೆದು ಕಳಿಸು. ಅಕ್ಕಲಕೋಟೆ ಠಾಣೆಗೆ ಕೊಡಬೇಕು.

ಕನ್ನಡದಲ್ಲೇ ಬರೆ. ಮರಾಠಿಯಲ್ಲಿ ಬರೆದರೆ ನನಗೆ ಓದಲು ಬರುವುದಿಲ್ಲ ಎಂದಲ್ಲ. ಓದುವುದಿಲ್ಲ.

ಗುರುಬಾಯಿ


ಸೊಲ್ಲಾಪುರ
೧೪ ನವೆಂಬರ್ ೧೯೭೫

ಪ್ರೀತಿಯ ಅತ್ತೆ,

ಬೇಸಿಗೆ ರಜೆಯಲ್ಲಿ ನಿಮ್ಮ ಪಡಸಾಲೆಯಲ್ಲಿ ಕುಳಿತು ಕಲಿತ ಕನ್ನಡವೇ ನನ್ನ ಕನ್ನಡ. ಒತ್ತಕ್ಷರ ತಪ್ಪಿದ್ದರೆ ಮನಸ್ಸಿನಲ್ಲೇ ತಿದ್ದಿಕೊಳ್ಳಿ.

ಕೆಂದಾಕಳ ಸುದ್ದಿ ಓದಿ ತುಂಬಾ ಸಂಕಟವಾಯಿತು. ಅದು ಹುಟ್ಟಿದ ದಿನ ನಾನು ಅಲ್ಲೇ ಇದ್ದೆ.

ಬರಣಿ ಬಂದು ತಲುಪಿತು. ಬಸ್ಸಿನ ಬಿಸಿಲಿಗೆ ಅದರ ಬಾಯಿಗೆ ಬಿಗಿದ ಬಟ್ಟೆ ಉಬ್ಬಿ ನಿಂತಿತ್ತು. ನಮ್ಮ ಲ್ಯಾಬಿನ ಜವಾನ ಸಿದ್ರಾಮ ಬಟ್ಟೆ ಬಿಚ್ಚಿದವನೇ ಕಿಟಕಿಗಳನ್ನೆಲ್ಲ ತೆರೆದು, "ಬಾಯಾರ, ನೀವೂ ಹೊರಗ ಬರ್ರಿ," ಎಂದು ಅಂಗಳಕ್ಕೆ ಹೋಗಿ ನಿಂತ. ನಾನು ಬಲ್ಲ ಪರೀಕ್ಷೆಗಳನ್ನೆಲ್ಲ ಮಾಡಿದೆ. ಏನೂ ಸಿಗಲಿಲ್ಲ. ಇದರರ್ಥ ವಿಷ ಇರಲಿಲ್ಲ ಎಂದಲ್ಲ. ಕೆಲವು ವಿಷ ಹಾರಿಹೋಗುವಂಥವು, ನಾಲ್ಕು ದಿನ ಕೊಳೆತ ಮೇಲೆ ಅವುಗಳ ಸುಳಿವೇ ಉಳಿಯುವುದಿಲ್ಲ. ಆದ್ದರಿಂದ ಶಿಕ್ಕಾ ಹೊಡೆಯಲು ನನ್ನ ಬಳಿ ಹೆಸರಿಲ್ಲ.

ಆದರೆ ರಕ್ತ ಕೆಂಪಗಿತ್ತು ಎಂದು ಬರೆದಿರಲ್ಲ, ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಸತ್ತಾಗ ಅವು ಎಲ್ಲಿ ಮೇಯುತ್ತಿದ್ದವು? ಏನು ತಿಂದಿದ್ದವು? ಎಷ್ಟು ಹೊತ್ತಿನ ಹಿಂದೆ? ದಯವಿಟ್ಟು ಇದ್ದದ್ದು ಇದ್ದ ಹಾಗೆ ಬರೆಯಿರಿ.

ಇದರೊಂದಿಗೆ ಸಣ್ಣ ಡಬ್ಬಿಯಲ್ಲಿ ಹಳದಿ ಕಾಗದದ ಪಟ್ಟಿಗಳಿವೆ. ನಾನೇ ಮಾಡಿದ್ದು, ಬೆರಳೆಲ್ಲ ಅರಿಶಿನ ಹಚ್ಚಿದ ಹಾಗಾಗಿದೆ. ಆಕಳು ತಿಂದಿದ್ದ ಹಸಿ ಸೊಪ್ಪನ್ನು ಜಜ್ಜಿ, ಒಂದಿಷ್ಟು ನೀರು ಬೆರೆಸಿ, ಸಣ್ಣ ಬಾಟಲಿಗೆ ಹಾಕಿ. ಒಂದು ಪಟ್ಟಿಯನ್ನು ತುಸು ಒದ್ದೆ ಮಾಡಿ ಸೊಪ್ಪಿಗೆ ತಾಗದಂತೆ ಒಳಗೆ ಇಳಿಬಿಟ್ಟು ಬಿರಡೆ ಬಿಗಿಯಿರಿ. ಬಾಟಲಿಯನ್ನು ಸೊಂಟಕ್ಕೆ ಸಿಕ್ಕಿಸಿ ಬೆಚ್ಚಗಿಟ್ಟುಕೊಳ್ಳಿ. ಸ್ವಲ್ಪ ಹೊತ್ತಿನ ಮೇಲೆ ಕಾಗದದ ಬಣ್ಣ ನೋಡಿ ಬರೆಯಿರಿ. ಕೈ ತೊಳೆದುಕೊಳ್ಳುವುದನ್ನು ಮರೆಯಬೇಡಿ.

ಅಲ್ಲಿಯವರೆಗೆ ಅಕ್ಕಲಕೋಟೆಗೆ ಹೋಗಬೇಡಿ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನದು ಬೇರೆ ವಿಶೇಷವೇನೂ ಇಲ್ಲ.

ನಿಮ್ಮ ದ್ರೌಪದಿ


ಕರಜಗಿ
೨೦ ನವೆಂಬರ್ ೧೯೭೫

ದ್ರೌಪದಿ,

ನಿನ್ನ ಕಾಗದ ಮಾತಾಡಿತು. ಕೆಂಪಾಯಿತು. ಮೊದಲು ಕಿತ್ತಳೆ, ಆಮೇಲೆ ಸುಟ್ಟ ಇಟ್ಟಿಗೆಯ ಬಣ್ಣ. ಹೀಗಾಗುವುದಕ್ಕೆ ನಾನು ಒಂದು ರೊಟ್ಟಿ ತಟ್ಟಿ ಬೇಯಿಸಿದಷ್ಟು ಹೊತ್ತೂ ಬೇಕಾಗಲಿಲ್ಲ.

ಎಲ್ಲಿ ಮೇಯುತ್ತಿದ್ದವು ಎಂದು ಕೇಳಿದ್ದೀಯ. ಹಗ್ಗ ಸಡಿಲಾಗಿತ್ತು, ಕಲ್ಲಣ್ಣನ ಹೊಲಕ್ಕೆ ಹೋಗಿದ್ದವು. ಅವನ ಹೊಲ ಅಂದರೇನು? ನಿನ್ನ ಮಾವ ಉತ್ತ ಹೊಲವೇ ಅದು. ಜೋಳ ಕೊಯ್ದಾಗಿತ್ತು, ತೆನೆ ಮನೆ ಸೇರಿತ್ತು. ಕೊಯ್ದ ಹೊಲಕ್ಕೆ ದನ ಬಿಡುವುದು ನಮ್ಮಲ್ಲಿ ಅಜ್ಜ ಮುತ್ತಜ್ಜರಿಂದ ಇದೆ. ಮುಂಗಾರಿನ ಗೇಣುದ್ದದ ಎಳೆ ಜೋಳ ದನಕ್ಕೆ ಆಗದು ಎನ್ನುವುದು ನನಗೂ ಗೊತ್ತು, ಅದಕ್ಕೆ ಯಾರೂ ಬಿಡುವುದಿಲ್ಲ. ಆದರೆ ಕೊಯ್ದ ಕೂಳೆ ತಿಂದು ಸತ್ತ ದನವನ್ನು ನಾನು ಕಂಡಿಲ್ಲ. ಈ ಸಲ ಅಕ್ಟೋಬರಿನ ಮಳೆಗೆ ಕೂಳೆಯೆಲ್ಲ ಮೊಣಕಾಲುದ್ದ ಹಸಿರಾಗಿ ಚಿಗುರಿದೆ. ಆ ಚಿಗುರನ್ನೇ ನಾನು ಹೋಗಿ ಕಿತ್ತು ತಂದೆ. ನಡುಹಗಲಲ್ಲಿ, ಎಲ್ಲರ ಕಣ್ಣೆದುರು.

ಕಲ್ಲಣ್ಣ ಎರಡು ಹೊಲದ ನಡುವಿನ ಬಾಂದದ ಮೇಲೆ ನಿಂತು ನೋಡಿದ. ಯಾಕೆ ಕೀಳುತ್ತೀ ಎಂದು ಕೇಳಲಿಲ್ಲ. ತಲೆ ತಗ್ಗಿಸಿಕೊಂಡು ಹೊರಟುಹೋದ. ತಪ್ಪು ಮಾಡದವನು ಹಾಗೆ ಹೋಗುತ್ತಾನೆಯೇ?

ಓಣಿಯವರಿಗೆಲ್ಲ ಕಾಗದ ತೋರಿಸಿದೆ. ನಮ್ಮ ಬಾವಿಗೆ ನೀರಿಗೆ ಬಂದಿದ್ದ ಅವನ ಹೆಂಡತಿ ಲಕ್ಷ್ಮೀಬಾಯಿಗೆ, "ಇನ್ನ ಮ್ಯಾಲ ಈ ಬಾವಿ ನಿಮಗಿಲ್ಲ," ಎಂದೆ. ಆಕೆ ಖಾಲಿ ಕೊಡ ಹೊತ್ತುಕೊಂಡು ಹೋದಳು. ಒಂದು ಮಾತೂ ಆಡಲಿಲ್ಲ. ಅವರ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ನಾಲಿಗೆ ಬಿದ್ದುಹೋಗಿದೆ.

ಬರುವ ಗುರುವಾರ ಅಕ್ಕಲಕೋಟೆಗೆ ಹೋಗುತ್ತೇನೆ. ಕೆಂಪು ಕಾಗದ ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ನೀನು ಒಳ್ಳೆಯ ಕೆಲಸ ಮಾಡಿದೆ.

ಗುರುಬಾಯಿ


ಸೊಲ್ಲಾಪುರ
೨೨ ನವೆಂಬರ್ ೧೯೭೫

ಅತ್ತೆ,

ಈ ಪತ್ರ ಅಂಚೆಗೆ ಹಾಕುತ್ತಿಲ್ಲ, ಕರಜಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ನೀವು ಅಕ್ಕಲಕೋಟೆಗೆ ಹೊರಡುವ ಮೊದಲು ಇದನ್ನು ಓದಲೇಬೇಕು.

ಕಾಗದ ಕೆಂಪಾದದ್ದು ನಿಜ. ಚಿಗುರಿನಲ್ಲಿ ವಿಷ ಇದ್ದದ್ದೂ ನಿಜ. ಆದರೆ ಅದನ್ನು ಯಾರೂ ಹಾಕಿಲ್ಲ. ಜೋಳದ ಗಿಡವೇ ಅದನ್ನು ಮಾಡುತ್ತದೆ. ಕಾಗದ ಕಳಿಸುವಾಗಲೇ ನಾನು ಇದನ್ನು ಬರೆಯಬೇಕಿತ್ತು. ಖಾತ್ರಿಯಾಗದೆ ಬರೆಯುವುದು ಬೇಡ ಎಂದು ಸುಮ್ಮನಾದೆ.

ನನಗೆ ತಿಳಿದಂತೆ ಹೇಳುತ್ತೇನೆ. ನಾನು ಕಲಿಸುವ ವಿಷಯಕ್ಕೆ ಕನ್ನಡದಲ್ಲಿ ಸಾವಯವ ರಸಾಯನಶಾಸ್ತ್ರ ಎನ್ನುತ್ತಾರಂತೆ. ಜೀವ ಇರುವುದರಲ್ಲೆಲ್ಲ ಇರುವ ಇಂಗಾಲದ ಲೆಕ್ಕಾಚಾರ ಅದು. ಎಳೆಯ ಜೋಳದ ಎಲೆಯಲ್ಲಿ ಒಂದು ಪದಾರ್ಥ ಇರುತ್ತದೆ. ಅದರ ಒಂದು ಪಾಲು ಸಕ್ಕರೆ. ಆ ಸಕ್ಕರೆಗೆ ಸಯನೈಡಿನ ಬಳಗದ ವಿಷವೊಂದನ್ನು ಕಟ್ಟಿಹಾಕಿದ ಹಾಗಿರುತ್ತದೆ. ಕಟ್ಟಿರುವವರೆಗೆ ಏನೂ ಆಗುವುದಿಲ್ಲ. ಆ ಕಟ್ಟು ಬಿಚ್ಚುವ ರಸವೂ ಅದೇ ಎಲೆಯಲ್ಲಿದೆ, ಆದರೆ ಬೇರೆ ಕೋಣೆಯಲ್ಲಿ. ಒಂದೇ ಮನೆಯ ಎರಡು ಕೋಣೆ, ನಡುವೆ ಗೋಡೆ. ಎರಡೂ ಸೇರಬಾರದು. ಆಕಳು ಅಗಿದಾಗ ಗೋಡೆ ಒಡೆಯುತ್ತದೆ, ಎರಡೂ ಸೇರುತ್ತವೆ, ವಿಷ ಹೊರಬರುತ್ತದೆ. ನೀವು ಸೊಪ್ಪು ಜಜ್ಜಿದಾಗ ಆದದ್ದೂ ಅದೇ.

ಕೂಳೆಯ ವಿಚಾರ ನನಗೆ ಗೊತ್ತಿರಲಿಲ್ಲ. ನಮ್ಮ ಲ್ಯಾಬಿನ ಎದುರಿಗೇ ಸಸ್ಯಶಾಸ್ತ್ರದ ಸಾವಿತ್ರಿಬಾಯಿಯವರ ಕೋಣೆ. ಇಷ್ಟು ವರ್ಷ "ಚಹಾ ಆತೇನ್ರಿ" ಎಂಬುದನ್ನು ಬಿಟ್ಟು ನಾವು ಏನೂ ಮಾತಾಡಿರಲಿಲ್ಲ. ನಿಮ್ಮ ಪತ್ರ ಹಿಡಿದುಕೊಂಡೇ ಹೋದೆ. ಅವರು ಕುರ್ಚಿ ಎಳೆದು ಕೂಡಿಸಿ ಹೇಳಿದರು: "ನಮ್ಮ ಹಿಂಗಾರಿ ಜೋಳ ಮಾಘದಾಗ ಕೊಯ್ತಾರ. ಆಗ ಮಳಿ ಎಲ್ಲಿಂದ ಬರಬೇಕು? ಕೂಳಿ ಒಣಗಿ ಹೋಗ್ತದ. ಈ ಹೈಬ್ರಿಡ್ ಮುಂಗಾರಿಗೇ ಬಂತು, ಕೊಯ್ದ ಮ್ಯಾಲ ಮಳಿ ಬಿತ್ತು, ಮತ್ತ ಚಿಗೀತು. ಎಳೀ ಗಿಡಕ್ಕ ಓಡಿ ಹೋಗಾಕ ಕಾಲಿಲ್ಲಲ್ಲ ದ್ರೌಪದಿ, ಹಿಂಗ ಜೀವ ಕಾಯ್ಕೋತದ."

ಅಲ್ಲಿಂದ ಇಬ್ಬರೂ ದನದ ದವಾಖಾನೆಗೆ ಹೋದೆವು. ಡಾಕ್ಟರ್ ಮೊದಲು ಕೇಳಿದ್ದೇ ರಕ್ತದ ಬಣ್ಣ. ಈ ವಿಷ ತಾಗಿದ ಮೈಗೆ ಉಸಿರಿನ ಗಾಳಿ ಸಿಕ್ಕರೂ ಬಳಸಿಕೊಳ್ಳಲು ಬರುವುದಿಲ್ಲವಂತೆ. ಗಾಳಿಯೆಲ್ಲ ರಕ್ತದಲ್ಲೇ ಉಳಿದು ಅದು ಅಷ್ಟು ಕೆಂಪಗೆ ಕಾಣುತ್ತದೆ. ಮೂರು ಜನ ಮೂರು ಕಡೆಯಿಂದ ನೋಡಿ ಒಂದೇ ಮಾತಿಗೆ ಬಂದೆವು, ಅತ್ತೆ.

ಜೋಳಕ್ಕೆ ಹೊಡೆಯುವ ಹುಳದ ಪುಡಿಯನ್ನೂ ಅಂಗಡಿಯಿಂದ ತಂದು ಪರೀಕ್ಷಿಸಿದೆ. ಅದು ಬೇರೆಯೇ ಜಾತಿಯ ವಿಷ. ಅದಕ್ಕೆ ನನ್ನ ಕಾಗದ ಹಳದಿಯಾಗಿಯೇ ಉಳಿಯಿತು.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ನಿಮ್ಮ ಕಣಜದ ಜೋಳವನ್ನು ತೆಗೆದುಕೊಳ್ಳಿ. ನಿಮ್ಮ ಅಡುಗೆಮನೆಯಲ್ಲಿ, ನಿಮ್ಮದೇ ತಟ್ಟೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಮೊಳಕೆ ಬರಿಸಿ. ನಾಲ್ಕು ಬೆರಳು ಹಸಿರಾದ ಮೇಲೆ ಜಜ್ಜಿ ಅದೇ ಪರೀಕ್ಷೆ ಮಾಡಿ. ಕಾಗದ ಹಳದಿಯಾಗಿ ಉಳಿದರೆ ನಾನೇ ನಿಮ್ಮ ಜೊತೆ ಅಕ್ಕಲಕೋಟೆಗೆ ಬರುತ್ತೇನೆ.

ದ್ರೌಪದಿ


ಕರಜಗಿ
೨೫ ನವೆಂಬರ್ ೧೯೭೫

ದ್ರೌಪದಿ,

ಕಂಡಕ್ಟರ್ ಪತ್ರ ಕೊಟ್ಟ.

ಒಂದೇ ಮನೆಯ ಎರಡು ಕೋಣೆ, ನಡುವೆ ಗೋಡೆ, ಎರಡೂ ಸೇರಿದರೆ ವಿಷ. ಇಷ್ಟು ಸುತ್ತಿ ಬಳಸಿ ಯಾರಿಗೆ ಹೇಳುತ್ತಿದ್ದೀ? ನಿನ್ನ ಮಾವ ಸತ್ತ ವರ್ಷ ಕಲ್ಲಣ್ಣನಿಗೆ ಅರ್ಧ ಬಿಟ್ಟು ಮನೆಯ ನಡುವೆ ಗೋಡೆ ಕಟ್ಟಿಸಿದವಳು ನಾನು. ಆ ಮಾತು ನಿನಗೆ ಯಾರು ಹೇಳಿದರು? ಕಲ್ಲಣ್ಣ ನಿನಗೆ ಪತ್ರ ಬರೆದಿದ್ದಾನೆಯೇ? ಓದಿದವರು ಚುಚ್ಚುವುದೂ ಓದಿದ ಹಾಗೆಯೇ ಇರುತ್ತದೆ.

ಗುರುವಾರ ಅಕ್ಕಲಕೋಟೆಗೆ ಹೋಗುವುದಿಲ್ಲ. ನೀನು ಹೇಳಿದ್ದಕ್ಕಲ್ಲ, ಕಡಲೆ ಹೊಲದಲ್ಲಿ ಕೆಲಸ ಇದೆ.

ಜೋಳ ನೆನೆಹಾಕಿದ್ದೇನೆ. ನಿನ್ನ ಬಾಯಿ ಮುಚ್ಚಿಸಲಿಕ್ಕೆ.

ಗುರುಬಾಯಿ


ಸೊಲ್ಲಾಪುರ
೨೮ ನವೆಂಬರ್ ೧೯೭೫

ಅತ್ತೆ,

ನಿಮ್ಮ ಮನೆಯ ಗೋಡೆ ಯಾವಾಗ ಕಟ್ಟಿದ್ದು, ಯಾರು ಕಟ್ಟಿಸಿದ್ದು, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಬರೆದದ್ದು ಜೋಳದ ಎಲೆಯ ಬಗ್ಗೆ ಮಾತ್ರ. ಕನ್ನಡದಲ್ಲಿ ಸರಿಯಾದ ಶಬ್ದ ತಿಳಿಯದೆ ಕೋಣೆ, ಗೋಡೆ ಎಂದು ಬರೆದೆ. ಪತ್ರ ಓದಿ ನನಗೆ ಅಳು ಬಂತು, ಆಮೇಲೆ ಸ್ವಲ್ಪ ನಗುವೂ ಬಂತು. ಕ್ಷಮಿಸಿ.

ನೀವು ಸಿಟ್ಟಾಗಿರುವಾಗ ನನ್ನ ವಿಷಯ ಹೇಳಬಾರದು. ಆದರೆ ಹೇಳಲು ಬೇರೆ ಯಾರೂ ಇಲ್ಲ. ಸಾವಿತ್ರಿಬಾಯಿಯವರು ಮತ್ತು ನಮ್ಮ ವಿಭಾಗದ ಮುಖ್ಯಸ್ಥರು ಸೇರಿ ಒಂದು ಯೋಚನೆ ಮಾಡಿದ್ದಾರೆ. ನಮ್ಮ ಭಾಗದ ಜೋಳದ ತಳಿಗಳಲ್ಲಿ ಯಾವುದರಲ್ಲಿ ಈ ವಿಷ ಎಷ್ಟು, ಯಾವ ವಯಸ್ಸಿಗೆ ಎಷ್ಟು, ಮಳೆ ಕೈಕೊಟ್ಟಾಗ ಎಷ್ಟು, ಇದನ್ನೆಲ್ಲ ನಾನು ಅಳೆಯಬೇಕು, ಅದರ ಮೇಲೆ ಪಿಎಚ್.ಡಿ. ಮಾಡಬೇಕು ಎಂದು. ಅರ್ಧ ಕೆಲಸ ಲ್ಯಾಬಿನಲ್ಲಿ, ಅರ್ಧ ಹೊಲದಲ್ಲಿ. ವರ್ಷಕ್ಕೆ ಕೆಲವು ತಿಂಗಳು ಕೊಲ್ಹಾಪುರದ ವಿಶ್ವವಿದ್ಯಾಲಯದಲ್ಲಿ ಇರಬೇಕು. ಇಷ್ಟು ದಿನ ನಾನು ಹುಡುಗರಿಗೆ ಪುಸ್ತಕದಲ್ಲಿದ್ದುದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಅದು ಒಂದು ಆಕಳ ಪ್ರಾಣದ ಮಾತು ಎಂದು ನನಗೆ ತಿಳಿದದ್ದು ನಿಮ್ಮ ಪತ್ರದಿಂದ.

ಅಪ್ಪ ಒಪ್ಪುವುದಿಲ್ಲ. ವಳಸಂಗದಿಂದ ಒಂದು ಸಂಬಂಧ ಬಂದಿದೆ, ಅವರು ಎರಡು ಸಲ ಅಂಗಡಿಗೆ ಬಂದು ಹೋದರು. ಅಪ್ಪ ನನ್ನ ಮುಂದೆ ಆ ಮಾತೇ ಎತ್ತುವುದಿಲ್ಲ, ಅಂದರೆ ಎಲ್ಲ ಮುಗಿದಿದೆ ಎಂದೇ ಅರ್ಥ. ಅರ್ಜಿ ನನ್ನ ಟ್ರಂಕಿನಲ್ಲಿದೆ. ಜನವರಿ ಕೊನೆಯೊಳಗೆ ಕಳಿಸಬೇಕು. ಕಳಿಸಲಾರೆ ಅನ್ನಿಸುತ್ತದೆ.

ದಯವಿಟ್ಟು ಅಪ್ಪನಿಗೆ ಹೇಳಬೇಡಿ.

ದ್ರೌಪದಿ


ಕರಜಗಿ
೪ ಡಿಸೆಂಬರ್ ೧೯೭೫

ಮಗಳೇ ದ್ರೌಪದಿ,

ಕೆಂಪಾಯಿತು.

ನನ್ನ ಕಣಜದ ಜೋಳ, ನನ್ನ ಹಿತ್ತಾಳೆ ತಟ್ಟೆ, ಕುಡಿಯಲು ತಂದಿಟ್ಟ ನೀರು. ಅಡುಗೆಮನೆಯ ಬಾಗಿಲಿಗೆ ಕೀಲಿ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಿದ್ದೆ. ಮೊಳಕೆ ನೋಡಲು ಎಷ್ಟು ಚಂದ ಇತ್ತು, ಮಕ್ಕಳ ಕೂದಲಿನ ಹಾಗೆ. ಅದನ್ನು ಒರಳಿನಲ್ಲಿ ಜಜ್ಜಿ, ಬಾಟಲಿಗೆ ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಮುಂದೆ ಕುಳಿತೆ. ಕಾಗದ ಹಳದಿಯಾಗಿಯೇ ಇರಲಿ ಎಂದು ಕಾಯುತ್ತಿದ್ದೆ. ತೆಗೆದು ನೋಡಿದಾಗ ಕಲ್ಲಣ್ಣನ ಹೊಲದ ಕಾಗದಕ್ಕಿಂತಲೂ ಇದು ಹೆಚ್ಚು ಕೆಂಪಗಿತ್ತು.

ಆ ಒಲೆಯ ಮುಂದೆ ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ಕೊಂಡು ತಂದ ಹಾಲು ಉಕ್ಕಿ ಹೋಯಿತು.

ಕಲ್ಲಣ್ಣನ ಮನೆಗೆ ಹೋಗಿ ಬಂದೆ. ಎಲ್ಲ ಸರಿಯಾಯಿತು.

ಇನ್ನಷ್ಟು ಹಳದಿ ಕಾಗದ ಕಳಿಸು. ಓಣಿಯವರಿಗೆಲ್ಲ ಮೊದಲು ತೋರಿಸಿದ್ದು ಒಂದು ಕಾಗದ. ಈಗ ಅವರಿಗೆ ಇನ್ನೊಂದನ್ನೂ ತೋರಿಸಬೇಕು. ಮತ್ತೆ, ಈ ಕೂಳೆ ಚಿಗುರನ್ನು ಏನು ಮಾಡಬೇಕು, ಯಾವಾಗ ತಿನ್ನಿಸಬಹುದು, ಸ್ಪಷ್ಟವಾಗಿ ಬರೆ. ಕೇಳಲು ಬಂದವರಿಗೆ ನಾನು ಹೇಳಬೇಕು.

ನಿನ್ನ ಟ್ರಂಕಿನ ವಿಷಯ ಓದಿದೆ. ಯೋಚನೆ ಮಾಡುತ್ತೇನೆ.

ನಿನ್ನ ಅತ್ತೆ


ಸೊಲ್ಲಾಪುರ
೯ ಡಿಸೆಂಬರ್ ೧೯೭೫

ಪ್ರೀತಿಯ ಅತ್ತೆ,

ನಿಮ್ಮ ಪತ್ರವನ್ನು ಸಾವಿತ್ರಿಬಾಯಿಯವರಿಗೆ ಓದಿ ಹೇಳಿದೆ. ಬಾಗಿಲಿಗೆ ಕೀಲಿ ಹಾಕಿದ್ದನ್ನು ಕೇಳಿ, "ಇಂಥಾ ಜಾಗ್ರತಿ ನಮ್ಮ ಎಂ.ಎಸ್ಸಿ. ಹುಡುಗರಿಗೆ ಇಲ್ಲ ನೋಡು," ಎಂದರು.

ಚಿಗುರಿನ ಬಗ್ಗೆ ಡಾಕ್ಟರ್ ಹೇಳಿದ್ದು ಇಷ್ಟು. ಎಳೆಯದನ್ನು ಹಸಿಯಾಗಿ ತಿನ್ನಿಸಬಾರದು. ಎತ್ತರಕ್ಕೆ ಬೆಳೆದು ತೆನೆ ಹೊಮ್ಮಿದ ಮೇಲೆ ವಿಷ ಬಹಳ ಕಡಿಮೆಯಾಗುತ್ತದೆ. ಕೊಯ್ದು ಬಿಸಿಲಿಗೆ ಚೆನ್ನಾಗಿ ಒಣಗಿಸಿದರೂ ಹೆಚ್ಚಿನದು ಹಾರಿಹೋಗುತ್ತದೆ. ಯಾವುದಾದರೂ ದನ ತಿಂದು ತಡವರಿಸಿದರೆ ಕೂಡಲೇ ಡಾಕ್ಟರನ್ನು ಕರೆಸಬೇಕು, ಸೂಜಿಮದ್ದು ಇದೆ. ಅದರಲ್ಲಿ ಒಂದು, ಫೋಟೋ ಸ್ಟುಡಿಯೋದವರು ಚಿತ್ರ ತೊಳೆಯಲು ಬಳಸುವ ಹೈಪೋ ಎಂಬ ಉಪ್ಪೇ. ಫೋಟೋ ತೊಳೆಯುವ ಉಪ್ಪು ಆಕಳ ಜೀವ ಉಳಿಸುತ್ತದೆ ಎಂದು ಕೇಳಿ ನಾನು ರಸ್ತೆಯುದ್ದಕ್ಕೂ ನಗುತ್ತಾ ಬಂದೆ. ಒಬ್ಬೊಬ್ಬರ ಶಾಸ್ತ್ರ ಒಂದೊಂದು ಬಾಗಿಲ ಹಿಂದೆ ಇದೆ ಎಂದುಕೊಂಡಿದ್ದೆ. ಬಾಗಿಲು ತಟ್ಟಿದರೆ ಎಲ್ಲರೂ ಪರಿಚಯದವರೇ.

ಹಳದಿ ಪಟ್ಟಿ ಕಳಿಸಿದ್ದೇನೆ.

ಆದರೆ ಅತ್ತೆ, ನೀವು ಅನ್ಯಾಯ ಮಾಡಿದಿರಿ. ಕಾಗದ ಕೆಂಪಾದದ್ದನ್ನು ಇಷ್ಟುದ್ದ ಬರೆದು, ಕಲ್ಲಣ್ಣ ಮಾವನ ಮನೆಗೆ ಹೋದದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನೀವು ಏನಂದಿರಿ? ಅವರೇನಂದರು? ಅವರು ಅಷ್ಟು ದಿನ ಯಾಕೆ ಒಂದು ಮಾತೂ ಆಡಲಿಲ್ಲ? ನನಗೆ ಊಹಿಸಲು ಆಗುತ್ತಿಲ್ಲ.

ನಿಮ್ಮ ದ್ರೌಪದಿ


ಕರಜಗಿ
೨ ಜನವರಿ ೧೯೭೬

ದ್ರೌಪದಿಗೆ ಕಲ್ಲಣ್ಣ ಮಾವ ಬರೆಯುವುದು.

ನೀನು ಕೇಳಿದ ಪ್ರಶ್ನೆಗೆ ನಿನ್ನ ಅತ್ತೆ ಉತ್ತರ ಬರೆಯಲಿಲ್ಲ. ಪತ್ರ ನನ್ನ ಕೈಗೆ ಕೊಟ್ಟು, "ನಿನಗ ಕೇಳ್ಯಾಳ, ನೀನ ಬರೀ," ಎಂದಳು. ನಾನು ಸಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆದವನಲ್ಲ. ಅದಕ್ಕೇ ತಡವಾಯಿತು.

ನಾನು ಯಾಕೆ ಮಾತಾಡಲಿಲ್ಲ ಎಂದರೆ, ಆಕಳನ್ನು ನಾನೇ ಕೊಂದೆ ಎಂದು ತಿಳಿದಿದ್ದೆ. ಬೇಕೆಂದು ಕೊಂದಿರಲಿಲ್ಲ. ಆದರೆ ಹುಳದ ಪುಡಿಯನ್ನು ಹೇಳಿದ್ದಕ್ಕಿಂತ ಜಾಸ್ತಿ ಹೊಡೆದಿದ್ದೆ. ಉಳಿದದ್ದನ್ನು ಬಾಂದದ ಉದ್ದಕ್ಕೂ ಚೆಲ್ಲಿದ್ದೆ. ಆಕಳು ಬಿದ್ದ ದಿನ ಆ ಪುಡಿಯ ಡಬ್ಬಿಯನ್ನು ಹೂತುಬಿಟ್ಟೆ. ಮಳೆಯಲ್ಲಿ ಅದು ಬೇರಿಗೆ ಇಳಿದು ಚಿಗುರಿಗೆ ಬಂದಿದೆ ಎಂದೇ ನನ್ನ ಲೆಕ್ಕ. ವೈನಿ ಬಂದು ಬೈದಿದ್ದರೆ ಹೌದು ಅನ್ನುತ್ತಿದ್ದೆ. ಆಕೆ ನನ್ನೆದುರು ಬಂದು ಬೈಯಲಿಲ್ಲ. ನನಗೆ ಹೋಗಿ ಹೇಳುವ ಧೈರ್ಯ ಬರಲಿಲ್ಲ. ಲಕ್ಷ್ಮಿ ಖಾಲಿ ಕೊಡ ತಂದು ಇಳಿಸಿದ ದಿನದಿಂದ ನನ್ನ ಗಂಟಲಲ್ಲಿ ಹಾಲು ಇಳಿಯುತ್ತಿರಲಿಲ್ಲ. ಲೋಟ ಕೈಗೆ ಬಂದರೆ ಆ ಆಕಳ ಮುಖವೇ ಕಾಣುತ್ತಿತ್ತು.

ಅವತ್ತು ಬೆಳಿಗ್ಗೆ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದೆ. ವೈನಿ ಬಂದಳು. ಒಂದು ಕೈಯಲ್ಲಿ ಮೊಳಕೆಯ ತಟ್ಟೆ, ಇನ್ನೊಂದರಲ್ಲಿ ಬಾಟಲಿ. ನಾನು ಎದ್ದು ನಿಂತೆ.

"ಕಲ್ಲಣ್ಣಾ, ಇದನ್ನ ನೋಡು," ಎಂದಳು.

"ನೋಡೂದೇನೈತಿ ವೈನಿ," ಎಂದೆ. "ನಾನ ಕೊಂದೀನಿ. ಅಕ್ಕಲಕೋಟಿಗೆ ನಡಿ, ಬರ್ತೀನಿ."

ಆಕೆ ತಟ್ಟೆ ಮುಂದೆ ಚಾಚಿದಳು. "ಇದು ನನ್ನ ಅಡಗಿಮನ್ಯಾಗ ಬೆಳದದ್ದು. ಬಾಗಲಾ ಹಾಕಿ ಬೆಳಸೀನಿ. ನಿನ್ನ ಪುಡಿ ನನ್ನ ಅಡಗಿಮನಿಗೆ ಬಂದಿತ್ತೇನು?"

ನನಗೆ ಅರ್ಥವಾಗಲಿಲ್ಲ. ಆಕೆ ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದಳು. ನೀನು ಬರೆದ ಸಕ್ಕರೆ, ಎರಡು ಕೋಣೆ, ಗೋಡೆ, ಒಂದನ್ನೂ ಬಿಡಲಿಲ್ಲ. ನಾನು ನಂಬಲಿಲ್ಲ. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅನ್ನಿಸಿತು. "ನನ್ನ ಮುಂದ ಇನ್ನೊಮ್ಮಿ ಮಾಡು," ಎಂದೆ. ಲಕ್ಷ್ಮಿ ಕಲ್ಲು ತಂದಳು, ಮೊಳಕೆ ಜಜ್ಜಿದಳು. ವೈನಿ ಹೊಸ ಕಾಗದ ಇಳಿಬಿಟ್ಟು ಬಾಟಲಿಯನ್ನು ನನ್ನ ಕೈಗೇ ಕೊಟ್ಟಳು. ನಾನು ಎರಡೂ ಅಂಗೈಯಲ್ಲಿ ಅದನ್ನು ಹಿಡಿದು ಕುಳಿತೆ. ಮೂವರೂ ಅದನ್ನೇ ನೋಡುತ್ತಿದ್ದೆವು. ನನ್ನ ಕೈಯಲ್ಲೇ ಅದು ಕೆಂಪಾಯಿತು.

ನಾನು ಅತ್ತುಬಿಟ್ಟೆ ಎಂದು ಬರೆಯಲು ನಾಚಿಕೆಯಿಲ್ಲ. ವೈನಿ ನನ್ನ ಕೈಯಿಂದ ಬಾಟಲಿ ತೆಗೆದಿಟ್ಟಳು. ಎದ್ದು ಒಳಗೆ ಹೋದಳು. ಗೋಡೆ ಎದ್ದ ಮೇಲೆ ಆಕೆ ನಮ್ಮ ಅಡುಗೆಮನೆಗೆ ಬಂದದ್ದು ಅದೇ ಮೊದಲು. "ಲಕ್ಷ್ಮೀ, ಹಾಲ ಅದಾವೇನ?" ಎಂದು ಕೇಳಿದ್ದು ನನಗೆ ಕೇಳಿಸಿತು. ಲೋಟ ತಂದು ನನ್ನ ಮುಂದೆ ಹಿಡಿದಳು. "ಕುಡಿ," ಎಂದಳು. ಕುಡಿದೆ. ಆಮೇಲೆ ಮೂಲೆಯಲ್ಲಿದ್ದ ನಮ್ಮ ಕೊಡವನ್ನು ತಾನೇ ಎತ್ತಿಕೊಂಡು, ಲಕ್ಷ್ಮಿಯನ್ನು ಕರೆದುಕೊಂಡು ಬಾವಿಗೆ ಹೋದಳು. ಇಡೀ ಓಣಿ ನೋಡಲಿ ಎಂದು ದೊಡ್ಡ ದಾರಿಯಲ್ಲೇ ಹೋದಳು.

ಕೂಳೆಯನ್ನೆಲ್ಲ ಕೊಯ್ದು ಒಣಹಾಕಿದ್ದೇವೆ. ಚಪಳಗಾಂವದಿಂದ ಕೂಡ ಇಬ್ಬರು ಕೇಳಲು ಬಂದಿದ್ದರು. ಡಬ್ಬಿಯನ್ನು ಅಗೆದು ತೆಗೆದೆ. ಅದನ್ನೇನು ಮಾಡಬೇಕು ಎಂದು ನೀನು ಬರೆ, ಅದು ವಿಷವಲ್ಲ ಎಂದೇನೂ ನೀನು ಹೇಳಿಲ್ಲವಲ್ಲ. ನಮ್ಮ ಕಪ್ಪು ಆಕಳು ಹೆಣ್ಣು ಕರು ಹಾಕಿದರೆ ವೈನಿಗೆ ಕೊಡಬೇಕು ಎಂದಿದ್ದೆ. ಹಾಕಿತು. ಸದ್ಯ ತಾಯಿಯ ಜೊತೆಯೇ ಇರಲಿ ಎಂದು ವೈನಿ ದಿನವೂ ಬಂದು ನೋಡಿ ಹೋಗುತ್ತಾಳೆ.

ಇನ್ನು ಮುಂದಿನದು, ಬರೆಯಬಾರದು ಎಂದು ಆಕೆ ಆಣೆ ಹಾಕಿಸಿದ ಮಾತು. ನಾನು ಬರೆಯುತ್ತೇನೆ.

ಹೋದ ಸೋಮವಾರ ನಾವಿಬ್ಬರೂ ಸೊಲ್ಲಾಪುರಕ್ಕೆ ಬಂದಿದ್ದೆವು. ನೀನು ಕಾಲೇಜಿನಲ್ಲಿದ್ದೆ. ಹಾಲಿನ ತಂಬಿಗೆ ಕೊಳ್ಳುವ ನೆವ ಮಾಡಿಕೊಂಡು ವೈನಿ ನಿಮ್ಮ ಅಪ್ಪನ ಅಂಗಡಿಯಲ್ಲಿ ಕುಳಿತಳು. ಗಿರಾಕಿಗಳು ಹೋಗುವವರೆಗೂ ತಂಬಿಗೆಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಹೇಳಿದಳು: "ಸಾತಲಿಂಗಾ, ನಿನ್ನ ಮಗಳ ವಿದ್ಯಾ ನನ್ನ ಮನಿ ಉಳಿಸೇತಿ. ಆಕೀಗಿ ಮುಂದ ಕಲೀಬೇಕಂತೈತಿ. ನೀ ಬ್ಯಾಡ ಅಂದ್ರ ನಾ ಈ ಗಾದಿ ಬಿಟ್ಟು ಏಳಾಕಿಲ್ಲ."

ನಿಮ್ಮ ಅಪ್ಪ ತಕ್ಕಡಿ ಬದಿಗಿಟ್ಟರು. ಚಹಾ ತರಿಸಿದರು. ನಾನಂತೂ ಜಗಳವಾಗುತ್ತದೆ ಎಂದು ಬಾಗಿಲ ಕಡೆ ಸರಿದು ಕುಳಿತೆ.

"ಅಕ್ಕಾ, ನಾ ಬ್ಯಾಡ ಅಂದದ್ದು ಯಾವಾಗ?" ಎಂದರು. "ಆಕಿ ನನ್ನ ಕೇಳೇ ಇಲ್ಲಲ್ಲ. ಬೆರಳೆಲ್ಲಾ ಹಳದಿ ಮಾಡ್ಕೊಂಡು ಬರ್ತಾಳ, ಊಟಕ್ಕ ಕೂಡ್ತಾಳ, ಮುಖದಾಗ ಏನೋ ಸಂತೋಷ ಇರ್ತದ. ಏನವ್ವಾ ಅಂದ್ರ ಏನಿಲ್ಲ ಅಂತಾಳ. ವಳಸಂಗದವರಿಗೆ ನಾ ಇನ್ನೂ ಹೂಂ ಅಂದಿಲ್ಲ. ಆಕೀನ ಕೇಳದ ಹ್ಯಾಂಗ ಅನ್ನಲಿ? ನಾನ ಮಾತು ತಗದ್ರ ಒತ್ತಾಯ ಮಾಡಿದಂಗ ಆಗ್ತದಂತ, ಆಕಿ ಬಾಯಿ ಬಿಡಲಿ ಅಂತ ಕಾಯಾಕತ್ತೀನಿ."

ವೈನಿ ಗಾದಿ ಬಿಟ್ಟು ಎದ್ದಳು. ತಂಬಿಗೆಗೆ ದುಡ್ಡು ಕೊಡಲು ಹೋದಳು, ಅವರು ತೆಗೆದುಕೊಳ್ಳಲಿಲ್ಲ. ನೀನಾಗಿಯೇ ಕೇಳಬೇಕು, ನಾವು ಬಂದದ್ದು ನಿನಗೆ ಗೊತ್ತಾಗಬಾರದು ಎಂದು ಅಕ್ಕ ತಮ್ಮ ಇಬ್ಬರೂ ಸೇರಿ ನನಗೆ ತಾಕೀತು ಮಾಡಿದರು.

ಆದರೆ ಬಾಯಿ ಮುಚ್ಚಿಕೊಂಡು ಕೂಡುವುದು ಹೇಗಿರುತ್ತದೆ ಎಂದು ನಾನು ಈ ದೀಪಾವಳಿಯ ಮೇಲೆ ಚೆನ್ನಾಗಿ ನೋಡಿದ್ದೇನೆ, ಮಗಳೇ. ಅರ್ಜಿಯನ್ನು ಟ್ರಂಕಿನಿಂದ ತೆಗೆ. ನಿಮ್ಮ ಅಪ್ಪ ಸಂಜೆ ದೀಪ ಹಚ್ಚಿದ ಮೇಲೆ ಅಂಗಡಿ ಮುಚ್ಚಿ ನಡೆದುಕೊಂಡು ಮನೆಗೆ ಬರುತ್ತಾರಂತೆ. ಈ ಪತ್ರ ಮುಟ್ಟಿದ ದಿನವೇ ನೀನು ಅಂಗಡಿಗೆ ಹೋಗು, ಅವರ ಜೊತೆ ನಡೆದು ಬಾ. ಮನೆ ಮುಟ್ಟುವುದರೊಳಗೆ ಕೇಳಿಬಿಡು.

ನಿನ್ನ ಮಾವ
ಕಲ್ಲಣ್ಣ